ಜರಿಗಿಡಕ್ಕೆ ಬೀಜವಿಲ್ಲ

ಫೆಬ್ರವರಿ 4

ಸೊಪ್ಪಮ್ಮನಿಗೆ ಅತ್ತಿಗೆಯ ಆಶೀರ್ವಾದ.

ಈ ಹೆಸರು ನಿನ್ನಣ್ಣ ಇಟ್ಟಿದ್ದು, ನಾನು ಬಿಡುವುದಿಲ್ಲ. ಒಣಗಿದ ಎಲೆಗಳನ್ನು ಕಾಗದಕ್ಕೆ ಅಂಟಿಸಿ ಸಂಬಳ ತೆಗೆದುಕೊಳ್ಳುವವಳಿಗೆ ಬೇರೆ ಯಾವ ಹೆಸರು ಹೊಂದೀತು?

ಒಂದು ಒಳ್ಳೆಯ ಸುದ್ದಿ. ನಿನ್ನ ಹಳದಿ ಜಾಲಿ ಹುಟ್ಟಿದೆ. ಎರಡು ವರ್ಷದ ಹಿಂದೆ ನೀನು ಕಪ್ಪು ಬೀಜ ಕಳಿಸಿ, ಕುದಿಯುವ ನೀರು ಸುರಿದು ಒಂದು ದಿನ ನೆನೆಸಿ ಎರಚಿ ಎಂದು ಬರೆದಿದ್ದೆ. ನಾನೂ ಶಿಶುವಿಹಾರದ ಮಕ್ಕಳೂ ಸೇರಿ ಹುಡಿಗುಡ್ಡದ ಮೈಗೆಲ್ಲ ಎರಚಿದ್ದೆವು. ಒಂದೂ ಮೊಳೆಯಲಿಲ್ಲ ಎಂದು ನಿನಗೆ ಇಷ್ಟು ದಿನ ಹೇಳಿರಲಿಲ್ಲ, ಬೇಜಾರಾದೀತು ಅಂತ. ಮೊನ್ನೆ ಶಿಶುವಿಹಾರದ ಹಿಂದೆ ಪೇರಿಸಿದ್ದ ಹಳೇ ಹಲಗೆಗಳನ್ನು ತೆಗೆಸಿದೆ ನೋಡು, ಗುಡ್ಡದ ಬುಡದುದ್ದಕ್ಕೂ ಮೊಣಕಾಲೆತ್ತರ ಹಸಿರು. ಹಕ್ಕಿಯ ಗರಿಯಂಥ ಎಲೆ. ಎರಡು ತಿಂಗಳಿಂದ ಹನಿ ಮಳೆಯಿಲ್ಲ, ಆದರೂ ಒಂದು ಎಲೆ ಬಾಡಿಲ್ಲ. ಹಟದಲ್ಲಿ ಕಳಿಸಿದವಳನ್ನೇ ಹೋಲುತ್ತದೆ.

ಕೊನೆಮನೆಯ ದರ್ಜಿ ಬಂದು ನೋಡಿ, "ಮೂವತ್ತು ವರ್ಷದಿಂದ ಗಣಿಯವರು ಸುರಿದ ಕಲ್ಲುಹುಡಿ, ಅದರಲ್ಲೂ ಹುಟ್ಟಿಸಿದ್ಯಲ್ಲ ಟೀಚರಮ್ಮ, ನನ್ನ ತಲೆ ಮೇಲೂ ಸ್ವಲ್ಪ ಎರಚು" ಅಂದ. ಬೋಳುತಲೆ ಅವನದು.

ಈಗ ಕೆಲಸದ ಮಾತು. ಗುಡ್ಡದ ಕೆಳಗೆ ಶಿಶುವಿಹಾರ ಇರಕೂಡದು, ಏಪ್ರಿಲ್‌ಗೆ ಮುಚ್ಚಿ ಎನ್ನುತ್ತಿದ್ದಾರೆ ಗಣಿ ಆಫೀಸಿನ ಮ್ಯಾನೇಜರು. ಗಿಡ ಬೇರು ಬಿಟ್ಟು ಮಣ್ಣು ಹಿಡಿದಿದೆ ಎಂದು ತಿಳಿದವರು ಯಾರಾದರೂ ಬರೆದುಕೊಟ್ಟರೆ ಇರಬಹುದಂತೆ. ತಿಳಿದವರು ಎಂದರೆ ನಮಗೆ ನೀನೇ. ಹತ್ತೊಂಬತ್ತು ಮಕ್ಕಳಿದ್ದಾರೆ, ತಾಯಂದಿರೆಲ್ಲ ಅದಿರು ಆರಿಸುವ ಶೆಡ್ಡಿಗೆ ಹೋಗುವವರು. ಮುಚ್ಚಿದರೆ ಅವರೂ ಮನೆಯಲ್ಲಿ, ನಾನೂ ಮನೆಯಲ್ಲಿ.

ನಿನ್ನಣ್ಣ ಚೆನ್ನಾಗಿದ್ದಾರೆ. ಗಣಿಯ ಪಂಪುಮನೆ ಕೆಲಸ ಜಾಸ್ತಿಯಾಗಿದೆ, ಅಷ್ಟೇ. ಮಗಳು ಗುಬ್ಬಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ.

ಅತ್ತಿಗೆ

ಫೆಬ್ರವರಿ 13

ಪ್ರೀತಿಯ ಅತ್ತಿಗೆಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಪಕ್ಕದ ಮೇಜಿನವರಿಗೂ ಓದಿ ಹೇಳಿದೆ. ಇಪ್ಪತ್ತು ವರ್ಷದಿಂದ ಸತ್ತ ಗಿಡಗಳ ನಡುವೆ ಕೂತಿದ್ದೇನೆ. ನಾನು ಕಳಿಸಿದ್ದೊಂದು ಎಲ್ಲೋ ಬದುಕಿದೆ ಎಂದು ಕೇಳುವುದು ಇದೇ ಮೊದಲು.

ಎಲೆ ಗರಿಯಂತಿದೆ ಎಂದಿರಿ. ಅದು ಸರಿಯೇ. ನೀವು ಹಳದಿ ಜಾಲಿ ಎನ್ನುವ ಈ ವಾಟಲ್, ಎಳೆಯದಾಗಿದ್ದಾಗ ಹಾಗೆಯೇ ಇರುತ್ತದೆ. ಬಲಿತ ಮೇಲೆ ಗರಿಗಳು ಉದುರಿ, ಎಲೆಯ ತೊಟ್ಟೇ ಚಪ್ಪಟೆಯಾಗಿ ಎಲೆಯ ಕೆಲಸ ಮಾಡುತ್ತದೆ. ಇನ್ನೊಂದೆರಡು ವರ್ಷಕ್ಕೆ ಹಳದಿ ಹೂವಿನ ಪುಟ್ಟ ಉಂಡೆಗಳು, ಆಮೇಲೆ ಕಾಯಿ, ಬೀಜ. ಮಳೆಯಿಲ್ಲದೆ ಇಷ್ಟು ಹಸಿರಾಗಿದೆಯೆಂದರೆ ಬೇರು ಆಳಕ್ಕೆ ಹೋಗಿರಬೇಕು.

ಪ್ರಮಾಣಪತ್ರ ಇದರೊಂದಿಗೆ ಇದೆ. ನಮ್ಮ ಕಚೇರಿಯ ಪದ್ಧತಿಯಂತೆ ಇಂಗ್ಲಿಷಿನಲ್ಲಿದೆ. ಗುಡ್ಡದ ಬುಡದಲ್ಲಿ ವಾಟಲ್ ನೆಲೆಯೂರಿದೆ, ಬೇರು ಮಣ್ಣನ್ನು ಹಿಡಿಯುತ್ತಿದೆ ಎಂಬುದು ಸಾರಾಂಶ. ನೋಡದೆ ಬರೆಯಬಹುದೇ ಎಂದು ಒಂದು ಸಂಜೆಯೆಲ್ಲ ಯೋಚಿಸಿದೆ. ನೀವು ನೋಡಿದ್ದೀರಲ್ಲ ಎಂದುಕೊಂಡೆ.

ಒಂದು ಆಸೆ. ಆ ಗಿಡದ ಒಂದು ಕಡ್ಡಿಯನ್ನು ಹಳೆಯ ಪೇಪರಿನ ನಡುವೆ ಇಟ್ಟು, ಮೇಲೆ ಭಾರ ಹೇರಿ, ಒಣಗಿದ ಮೇಲೆ ಕಳಿಸುತ್ತೀರಾ? ನಮ್ಮ ಮನೆಯ ಗಿಡವೂ ನಮ್ಮ ಬೀರುವಿನಲ್ಲಿ ಇರಲಿ.

ಅಣ್ಣನಿಗೆ ತೋರಿಸಿ. "ಹುಲ್ಲು ಒಣಗಿಸೋ ಕೆಲಸ" ಎಂದು ಆಡಿಕೊಳ್ಳುತ್ತಿದ್ದವನು ಈಗ ಏನನ್ನುತ್ತಾನೆ ಕೇಳಿ.

ನಿಮ್ಮ ಸೊಪ್ಪಮ್ಮ

ಮಾರ್ಚ್ 1

ಸೊಪ್ಪಮ್ಮನಿಗೆ,

ನಿನ್ನ ಕಾಗದ ಕೆಲಸ ಮಾಡಿತು. ಮ್ಯಾನೇಜರು ಎರಡು ಸಲ ಓದಿ, ಮೊಹರಿನ ಮೇಲೆ ಬೆರಳಾಡಿಸಿ, "ಇಷ್ಟು ಸಾಕು" ಅಂದರು. ಶಿಶುವಿಹಾರ ಇಲ್ಲೇ ಇರುತ್ತದೆ. ಅಷ್ಟೇ ಅಲ್ಲ, ಮೇಲಿನ ಶೆಡ್ಡಿನ ನಾಲ್ಕು ಮಕ್ಕಳನ್ನೂ ಸೇರಿಸಿದ್ದಾರೆ. ಈಗ ಇಪ್ಪತ್ಮೂರು. ನನ್ನ ತಲೆ ಸಂತೆಯಾಗಿದೆ.

ನೀನು ಕೇಳಿದ ಕಡ್ಡಿ ಪೇಪರಿನೊಳಗೆ ಇದೆ. ಒಂದು ವಿಷಯ ಕೇಳಬೇಕಿತ್ತು. ಎಲೆಯ ಹಿಂದೆ ಕಂದು ಚುಕ್ಕಿಗಳು ಎದ್ದಿವೆ. ಮೊದಲು ಹುಳದ ಮೊಟ್ಟೆ ಅಂದುಕೊಂಡೆ. ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ಒಂದೊಂದೇ ಎಲೆ ಒರೆಸುತ್ತಿದ್ದೇನೆ, ಮಕ್ಕಳೂ ಜೊತೆಗೆ. ಬೇರೇನಾದರೂ ಔಷಧ ಇದೆಯೇ? ಕಳಿಸಿರುವ ಕಡ್ಡಿಯನ್ನು ಒರೆಸಿಲ್ಲ, ನೀನೇ ನೋಡು ಅಂತ.

ಹೊಸ ಎಲೆ ಹುಟ್ಟುವುದನ್ನು ನೋಡುವುದೇ ಮಕ್ಕಳಿಗೆ ಆಟ. ಗಡಿಯಾರದ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿರುತ್ತದೆ, ದಿನಾ ಒಂದಿಷ್ಟು ಬಿಚ್ಚಿಕೊಳ್ಳುತ್ತದೆ. ಗುಬ್ಬಿ ಪ್ರತಿಯೊಂದಕ್ಕೂ ಒಂದು ಹೆಸರಿಟ್ಟಿದ್ದಾಳೆ.

ಶಿಶುವಿಹಾರದ ಹಿಂದಿನ ಕೋಣೆಯ ಬಾಗಿಲು ಉಬ್ಬಿಕೊಂಡು ಮುಚ್ಚಲು ಬರುತ್ತಿಲ್ಲ. ಬಡಗಿಗೆ ಹೇಳಿದ್ದೇನೆ. ನಿನ್ನಣ್ಣ ಊಟಕ್ಕೆ ಕೂತರೆ ಅರ್ಧಕ್ಕೇ ಏಳುತ್ತಾರೆ. ಏನಾಯಿತೆಂದರೆ "ಬಿಸಿಲು" ಅನ್ನುತ್ತಾರೆ. ನಿನ್ನ ಕಾಗದ ತೋರಿಸಿದೆ. ನಗಲಿಲ್ಲ. "ಅವಳೇ ಬರೆದಿದ್ದಾಳಾ" ಅಂತ ಮೂರು ಸಲ ಕೇಳಿದರು.

ಅತ್ತಿಗೆ

ಮಾರ್ಚ್ 8

ಅತ್ತಿಗೆ,

ಒಂದು ಗಂಟೆಯ ಹಿಂದೆ ಟೆಲಿಗ್ರಾಂ ಕೊಟ್ಟೆ. ಮಕ್ಕಳನ್ನು ಆ ಕಟ್ಟಡದಿಂದ ಹೊರಗೆ ಕಳಿಸಿ ಎಂದು. ಈ ಪತ್ರ ಸೇರುವ ಮೊದಲೇ ನೀವು ಹಾಗೆ ಮಾಡಿರುತ್ತೀರಿ ಎಂದು ನಂಬಿದ್ದೇನೆ. ಏಕೆ ಎನ್ನುವುದು ಟೆಲಿಗ್ರಾಂನಲ್ಲಿ ಹಿಡಿಸಲಿಲ್ಲ.

ನೀವು ಕಳಿಸಿದ್ದು ವಾಟಲ್ ಅಲ್ಲ. ಜರಿಗಿಡ.

ಪೇಪರ್ ಬಿಡಿಸಿದಾಗ ಕಾಗದದ ಮೇಲೆ ಕಂದು ಹುಡಿ ಉದುರಿ ಎಲೆಯ ಚಿತ್ರವೇ ಮೂಡಿತ್ತು. ಆ ಚುಕ್ಕಿ ರೋಗವಲ್ಲ. ರೋಗ ಹಾಗೆ ಅಚ್ಚುಕಟ್ಟಾಗಿ ಸಾಲಾಗಿ ಬರುವುದಿಲ್ಲ. ಜರಿಗಿಡಕ್ಕೆ ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ. ಎಲೆಯ ಬೆನ್ನಿನ ಆ ಹುಡಿಯೇ ಅದರ ಸಂತಾನ, ಸುತ್ತಿಕೊಂಡ ಎಳೆಯ ಎಲೆ ಅದರ ಗುರುತು. ವಾಟಲ್ ಎಲೆ ಎಂದೂ ಹಾಗೆ ಸುರುಳಿ ಬಿಚ್ಚುವುದಿಲ್ಲ. ಶಾಲೆಯ ಮಕ್ಕಳಿಗೂ ಗೊತ್ತಿರುವ ವಿಷಯ. ಕೇಳದೆ ಬರೆದುಕೊಟ್ಟವಳು ನಾನು.

ಇಷ್ಟೇ ಆಗಿದ್ದರೆ ತಪ್ಪು ಒಪ್ಪಿಕೊಂಡು ನಗಬಹುದಿತ್ತು. ಆದರೆ ವಾಟಲ್ ಬೀಜ ಒಣಮಣ್ಣಿನಲ್ಲಿ ಹತ್ತಾರು ವರ್ಷ ಕಾದು ಕೂರಬಲ್ಲದು, ಒಣಗಿದ ಕಡೆಯೇ ಬದುಕಬಲ್ಲದು. ಜರಿಯ ಹುಡಿ ಬಿದ್ದಲ್ಲಿ ಮೊದಲು ಹುಟ್ಟುವುದು ಕಿರುಬೆರಳಿನ ಉಗುರಿನಷ್ಟಗಲದ, ತೆಳ್ಳಗಿನ ಒಂದು ಹಸಿರು ಪೊರೆ. ಅದರ ಮೇಲೆ ನೀರು ನಿಂತಿದ್ದರೆ ಮಾತ್ರ ಗಂಡು ಕಣ ಈಜಿಕೊಂಡು ಹೆಣ್ಣನ್ನು ಸೇರುತ್ತದೆ, ಆಮೇಲೆ ಗಿಡ. ನೀರಿಲ್ಲದೆ ಒಂದೂ ಹುಟ್ಟುವುದಿಲ್ಲ. ಬೆನ್ನಿನಲ್ಲಿ ಚುಕ್ಕಿ ಬರುವಷ್ಟು ಬಲಿಯಲು ಒಂದು ವರ್ಷವಾದರೂ ಬೇಕು. ಎಂದರೆ ಆ ಗುಡ್ಡದ ಬುಡ ಒಂದು ವರ್ಷಕ್ಕಿಂತ ಹೆಚ್ಚು ಕಾಲದಿಂದ, ಬೇಸಿಗೆಯಲ್ಲೂ, ಒದ್ದೆಯಾಗಿದೆ. ನೀರು ಒಳಗಿನಿಂದ ಬರುತ್ತಿದೆ. ಹಿಟ್ಟಿನಂಥ ಹುಡಿಯ ಗುಡ್ಡ, ಅತ್ತಿಗೆ.

ಮಳೆಯಿಲ್ಲದೆ ಹಸಿರು ಎಂದು ನೀವು ಮೊದಲ ಪತ್ರದಲ್ಲೇ ಬರೆದಿದ್ದಿರಿ. ಓದುವಾಗ ಮನಸ್ಸಿನಲ್ಲಿ ಏನೋ ತಡೆದಿತ್ತು. ಸಂತೋಷದಲ್ಲಿ ಇದ್ದೆ, ಅದನ್ನು ದಾಟಿ ಹೋದೆ.

ಪ್ರಮಾಣಪತ್ರ ಹಿಂತೆಗೆದುಕೊಂಡಿದ್ದೇನೆ ಎಂದು ಗಣಿ ಆಫೀಸಿಗೂ ಬರೆದಿದ್ದೇನೆ. ನಿಮ್ಮಲ್ಲಿ ಫೋನಿರುವುದು ಅಲ್ಲೊಂದೇ, ಅವರು ನಿಮ್ಮನ್ನು ಕರೆಸುತ್ತಿಲ್ಲ. ಬಾಗಿಲು ಬಡಗಿಯಿಂದ ಸರಿಹೋಗುವುದಲ್ಲ. ದಯವಿಟ್ಟು ಒಂದು ಗಿಡ ಕಿತ್ತು ನೋಡಿ. ವಾಟಲ್ ಆಗಿದ್ದರೆ ಮೂಲಂಗಿಯಂತೆ ನೇರ ಇಳಿದ ಒಂದೇ ಬೇರು ಇರುತ್ತದೆ. ಜರಿಯಾದರೆ ಕಪ್ಪು ಕೂದಲಿನ ಗೊಂಚಲು.

ನಿಮ್ಮ
ಸೊಪ್ಪಮ್ಮ

ಮಾರ್ಚ್ 13

ನಾದಿನಿಯವರಿಗೆ,

ನಿಮ್ಮ ಪತ್ರ ಬಂತು. ಟೆಲಿಗ್ರಾಂ ಯಾವುದೂ ಬಂದಿಲ್ಲ.

ನೋಡು, ನನಗೆ ಓದು ಕಡಿಮೆ. ಹೋದ ತಿಂಗಳು ನೀನು ಅದು ಜಾಲಿ ಅಂದೆ, ಮೊಹರು ಒತ್ತಿದೆ, ನಾನು ಇಪ್ಪತ್ಮೂರು ಮಕ್ಕಳನ್ನು ನಂಬಿಕೆಯಿಂದ ಒಳಗೆ ಕೂರಿಸಿಕೊಂಡೆ. ಈ ತಿಂಗಳು ಅದು ಜರಿ, ಓಡು ಅನ್ನುತ್ತೀಯ. ಬರುವ ತಿಂಗಳು ಏನನ್ನುತ್ತೀಯೋ. ಎಲ್ಲಿಗೆ ಓಡಲಿ? ತಾಯಂದಿರಿಗೆ ಏನು ಹೇಳಲಿ, ಎಲೆ ಸುರುಳಿ ಸುತ್ತಿದೆ, ಅದಕ್ಕೆ ನಾಳೆಯಿಂದ ನಿಮಗೆ ಕೆಲಸವಿಲ್ಲ ಅಂತಲೇ?

ಪತ್ರವನ್ನು ನಿನ್ನಣ್ಣನಿಗೆ ಓದಿ ಹೇಳಿದೆ. "ಒಲೆಗೆ ಹಾಕು" ಅಂದರು. ಅಷ್ಟು ಹೊತ್ತೂ ನನ್ನ ಮುಖ ನೋಡಲಿಲ್ಲ.

ಮಧ್ಯಾಹ್ನ ಮಕ್ಕಳು ಮಲಗಿದ್ದಾಗ ಹಿಂದೆ ಹೋಗಿ ಒಂದು ಗಿಡ ಕಿತ್ತೆ. ಎಳೆದ ಕೂಡಲೇ ಬಂತು, ಹಿಡಿದುಕೊಂಡೇ ಇರಲಿಲ್ಲ ಅನ್ನುವ ಹಾಗೆ. ಕೂದಲಿನ ಗೊಂಚಲು. ಕಿತ್ತ ಗುಂಡಿಯೊಳಗೆ ಕೈ ಹಾಕಿದೆ. ಮೊಣಕೈವರೆಗೂ ಹೋಯಿತು, ಹೆಪ್ಪುಗಟ್ಟಿದ ಮೊಸರಿನಲ್ಲಿ ಹೋದ ಹಾಗೆ. ಹೊರಗೆ ಕಾಲು ಸುಡುವ ಬಿಸಿಲು, ಒಳಗೆ ಬಾವಿನೀರಿನ ತಂಪು. ಕೈ ತೆಗೆದ ಮೇಲೆ ಗುಂಡಿ ತಾನೇ ಮೆಲ್ಲಗೆ ಮುಚ್ಚಿಕೊಂಡಿತು.

ಮಕ್ಕಳನ್ನು ಹಿಂದಿನ ಕೋಣೆಯಲ್ಲಿ ಮಲಗಿಸುತ್ತಿಲ್ಲ. ಇಷ್ಟು ಮಾಡಿದ್ದೇನೆ.

ಮಾರ್ಚ್ 18

ಅತ್ತಿಗೆ,

ಟೆಲಿಗ್ರಾಂ ತಲುಪಿದೆ. ಒಂಬತ್ತನೇ ತಾರೀಖು ಬೆಳಿಗ್ಗೆ ಪಂಪುಮನೆಯ ಹತ್ತಿರ ಮನೆಯವರಿಗೆ ಕೊಟ್ಟಿದ್ದೇವೆ ಎಂದು ಅಂಚೆಯವರು ತಿಳಿಸಿದ್ದಾರೆ. ಅಣ್ಣನನ್ನು ಕೇಳಿ. ಜೊತೆಗೆ ಇನ್ನೊಂದು ಮಾತು ಕೇಳಿ. ಗುಡ್ಡದ ನೆತ್ತಿಯ ಮೇಲೆ ನೀರು ಇದೆಯೇ?

ನಾನೂ ಒಂದು ಮುಚ್ಚಿಟ್ಟಿದ್ದೇನೆ. ಪ್ರಮಾಣಪತ್ರದ ಇಂಗ್ಲಿಷಿನಲ್ಲಿ ಒಂದು ಸಾಲು ಇದೆ, ನಿಮಗೆ ಹೇಳಿರಲಿಲ್ಲ. "ಸ್ಥಳಕ್ಕೆ ಖುದ್ದಾಗಿ ಹೋಗಿ ಪರೀಕ್ಷಿಸಿದ್ದೇನೆ" ಎಂದು. ಆ ಸಾಲಿಲ್ಲದೆ ಮೊಹರು ಬೀಳುವುದಿಲ್ಲ. ನೀವು ನೋಡಿದ್ದು ನಾನು ನೋಡಿದಂತೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಪ್ರೀತಿಯೋ ಸೋಮಾರಿತನವೋ, ಅಥವಾ ಅಣ್ಣನ ಮುಂದೆ ದೊಡ್ಡವಳಾಗುವ ಆಸೆಯೋ, ಇವತ್ತಿಗೂ ಬಿಡಿಸಲು ಆಗುತ್ತಿಲ್ಲ. ನಿನ್ನೆ ನಮ್ಮ ಕಚೇರಿಯ ನಿರ್ದೇಶಕರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ನೀವು ಹೇಳಿದ್ದನ್ನು ನಾನು ಕೇಳಿಲ್ಲ. ಹೋಗಿ ಕೆಲಸ ನೋಡಿ" ಎಂದರು. ಗಣಿ ಆಫೀಸಿನಿಂದ ಒಂದೇ ಸಾಲಿನ ಉತ್ತರ ಬಂದಿದೆ: ಪ್ರಮಾಣಪತ್ರ ಕ್ರಮಬದ್ಧವಾಗಿದೆ, ಮರುಪರೀಕ್ಷೆ ಮೇ ತಿಂಗಳಲ್ಲಿ.

ರಜೆ ಸಿಕ್ಕಲಿ ಬಿಡಲಿ, ಟಿಕೆಟ್ ಸಿಕ್ಕ ಮೊದಲ ದಿನಕ್ಕೇ ಹೊರಟು ಇಪ್ಪತ್ತೇಳರಂದು ಅಲ್ಲಿರುತ್ತೇನೆ. ಅಲ್ಲಿಯವರೆಗೆ ನನಗಾಗಿ ಕಾಯಬೇಡಿ. ಮಕ್ಕಳನ್ನು ಕಳಿಸಲು ನಿಜ ಹೇಳಿದರೆ ಯಾರೂ ನಂಬದಿದ್ದರೆ, ನಂಬುವಂಥದ್ದು ಏನಾದರೂ ಹೇಳಿ.

ಮಾರ್ಚ್ 22

ತಂಗಿ,

ಟೆಲಿಗ್ರಾಂ ನಿನ್ನಣ್ಣನ ಹಳೇ ಊಟದ ಡಬ್ಬಿಯ ತಳದಲ್ಲಿತ್ತು, ನಾಲ್ಕು ಮಡಿಕೆ ಮಾಡಿ. ಅವರ ಮುಂದೆ ಇಟ್ಟೆ. ಒಂದೇ ಸಮ ಮಾತಾಡಿದರು. ಹೇಗೆ ಹೇಳಿದರೋ ಹಾಗೇ ಬರೆಯುತ್ತೇನೆ.

"ಅದಿರು ತೊಳೆದ ನೀರು ಹೊಳೆ ಕಡೆ ಹೋಗೋ ಪೈಪು ಒಡೆದು ಒಂದೂವರೆ ವರ್ಷ ಆಯ್ತು. ಹೊಸದು ಹಾಕೋ ತನಕ ಗುಡ್ಡದ ಮೇಲೆ ಗುಂಡಿ ತೋಡಿಸಿ ನೀರು ಅದಕ್ಕೇ ಬಿಡು ಅಂದ್ರು. ಬಿಟ್ಟೆ. ಯಾರಿಗೂ ಹೇಳ್ಬೇಡ ಅಂದ್ರು. ಹೇಳ್ಲಿಲ್ಲ. ಜನವರಿಲಿ ನಂಗೇ ಭಯ ಆಗಿ ಸಾರ್, ಸಾಕು ಅಂದೆ. ವಾರಕ್ಕೆ ಎರಡೇ ದಿನ ಅಂತ ಇಳಿಸಿದ್ರು. ಆಮೇಲೆ ತಂಗಿ ಕಾಗದ ಬಂತಲ್ಲ. ಮ್ಯಾನೇಜರು ನಂಗೇ ಓದಿ ಹೇಳಿದ್ರು, ನೋಡಯ್ಯ, ನಿನ್ ತಂಗಿನೇ ಬಂದು ನೋಡಿ ಗಟ್ಟಿಯಾಗಿದೆ ಅಂದಿದಾಳೆ ಅಂತ. ಅವಳು ಬರದೇ ಇದ್ದದ್ದು ಅಲ್ಲಿ ನಂಗೊಬ್ಬನಿಗೇ ಗೊತ್ತು. ಆದ್ರೂ ಓದಿದವಳು, ಸುಮ್ನೆ ಬರೀತಾಳಾ ಅಂದ್ಕೊಂಡೆ. ಅವತ್ತಿಂದ ದಿನಾ ಬಿಡ್ತಿದೀನಿ."

ಇದನ್ನು ನಿನಗೆ ಹೇಳಬಾರದು ಅನ್ನಿಸಿತು. ಮುಚ್ಚಿಟ್ಟೂ ಮುಚ್ಚಿಟ್ಟೂ ಇಲ್ಲಿಗೆ ಬಂದಿದ್ದೇವಲ್ಲ, ಅದಕ್ಕೇ ಬರೆದೆ.

ಮಕ್ಕಳ ಚಿಂತೆ ಬಿಡು. ಶಿಶುವಿಹಾರದಲ್ಲಿ ದಡಾರ ಎದ್ದಿದೆ. ನಿನ್ನೆ ಬೆಳಿಗ್ಗೆ ಕೆಂಪು ಪೆನ್ಸಿಲ್ ತುದಿ ಒದ್ದೆ ಮಾಡಿ ಗುಬ್ಬಿಯ ಮುಖ, ಹೊಟ್ಟೆ, ಬೆನ್ನಿಗೆಲ್ಲ ಚುಕ್ಕಿ ಇಟ್ಟೆ. ಬಾಗಿಲಲ್ಲಿ ಕೂರಿಸಿದೆ. ಆ ಕಳ್ಳಿ ನರಳಿದ್ದೇನು, ಕೆರೆದುಕೊಂಡಿದ್ದೇನು. ಒಂದು ಗಂಟೆಯಲ್ಲಿ ಒಂದು ಮಗುವೂ ಉಳಿಯಲಿಲ್ಲ. ಶೆಡ್ಡಿನ ಹೆಂಗಸರು ನನಗೆ ಶಾಪ ಹಾಕುತ್ತಾ ಎತ್ತಿಕೊಂಡು ಹೋದರು.

ಆದರೆ ಗುಡ್ಡದ ಕೆಳಗಿನ ಹನ್ನೊಂದು ಮನೆಯವರು ಅಲ್ಲೇ ಇದ್ದಾರೆ. ನೀರಿನ ವಿಷಯ ಬಾಯಿಬಿಟ್ಟರೆ ಇವರ ಕೆಲಸ ಹೋಗುತ್ತದೆ. ಗಿಡದ ವಿಷಯ ಹೇಳಿದರೆ ನಗುತ್ತಾರೆ. "ಸೊಪ್ಪು ನೋಡಿ ಮನೆ ಬಿಡೋಕೆ ನಾನೇನು ಮೇಕೆನಾ ಟೀಚರಮ್ಮ" ಅಂದ ದರ್ಜಿ. ಸೋಮವಾರಕ್ಕೆ ದಾದಿ ಬಂದು ಮಕ್ಕಳ ಮೈ ನೋಡುತ್ತಾಳಂತೆ. ಒಬ್ಬರಿಗೂ ಜ್ವರವಿಲ್ಲ.

ನನಗೆ ಒಂದು ಕೆಟ್ಟ ಯೋಚನೆ ಬರುತ್ತಿದೆ. ಸೋಮವಾರದೊಳಗೆ ಗುಡ್ಡ ಬಿದ್ದುಬಿಡಲಿ ಅಂತ. ನಿನಗೂ ಬರುತ್ತಿದೆಯಾ? ಬೇಗ ಬಾ.

ಏಪ್ರಿಲ್ 11

ಅತ್ತಿಗೆ,

ಕ್ಷೇಮವಾಗಿ ಬಂದು ಸೇರಿದೆ. ಅಲ್ಲಿ ನಿಮ್ಮ ಎದುರು ಆಡಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಸೋಮವಾರ ದಾದಿ ಬಾರದೇ ಹೋದದ್ದು, ಇಪ್ಪತ್ತೇಳರಂದು ನಾನು ಗುರುತಿನ ಚೀಟಿ ಹಿಡಿದು ಮನೆಮನೆ ಹತ್ತಿದ್ದು, ನನ್ನ ಇಂಗ್ಲಿಷಿಗೆ ಹೆದರಿ ಜನ ಸಂಜೆಯೊಳಗೆ ಶಾಲೆಯ ಕಟ್ಟಡಕ್ಕೆ ಹೋದದ್ದು, ಎಲ್ಲವೂ ಸರಿಯಾಗಿಯೇ ಆಯಿತು ಎಂದು ಆ ರಾತ್ರಿ ಅಂದುಕೊಂಡಿದ್ದೆವು. ಮರುದಿನ ಹನ್ನೊಂದು ಗಂಟೆಗೆ, ದರ್ಜಿ ಹೊಲಿಗೆ ಯಂತ್ರ ತರುತ್ತೇನೆಂದು ಹೋದ. ನಾವಿಬ್ಬರೂ ಬೀದಿಯ ತುದಿಯಲ್ಲಿ ನಿಂತು ಕೂಗಿದೆವು. ಅವನು ಕೈ ಬೀಸಿದ. ಗುಡ್ಡ ಬೀಳುತ್ತದೆ ಎಂದರೆ ಸದ್ದು ಎಂದುಕೊಂಡಿದ್ದೆ. ಅದು ಮೊದಲು ಉಸಿರೆಳೆದಂತೆ ಉಬ್ಬಿತು, ಆಮೇಲೆ ಹರಿಯಿತು. ಶಿಶುವಿಹಾರ, ಏಳು ಮನೆ, ಅವನು. ಆ ಕೈ ನನಗೆ ಇಲ್ಲಿಯೂ ಕಾಣುತ್ತದೆ, ಬೀರುವಿನ ಬಾಗಿಲು ತೆಗೆದರೂ ಕಾಣುತ್ತದೆ.

ಬರುವ ಇಪ್ಪತ್ತೈದರಂದು ವಿಚಾರಣೆ. ಗುಡ್ಡದೊಳಗೆ ಸಹಜವಾದ ಒರತೆ ಇತ್ತು, ಯಾರಿಗೂ ತಿಳಿದಿರಲಿಲ್ಲ, ಗಿಡದ ತಜ್ಞರೇ ಬಂದು ನೋಡಿ ಭದ್ರವಾಗಿದೆ ಎಂದಿದ್ದರು ಎಂದು ಕಂಪನಿ ಹೇಳಿದೆ. ಮೇಲಿನ ಗುಂಡಿ ಗುಡ್ಡದ ಜೊತೆಗೇ ಹೋಯಿತು. ನೀರು ಬಿಟ್ಟದ್ದಕ್ಕೆ ಉಳಿದಿರುವ ಸಾಕ್ಷಿ ಒಂದೇ, ಮಾರ್ಚ್ 22ರ ನಿಮ್ಮ ಪತ್ರ. ಅಣ್ಣನ ಮಾತು, ನಿಮ್ಮ ಕೈಬರಹ.

ನನ್ನ ಸುಳ್ಳನ್ನು ನಾನು ಹೇಳಿಕೊಳ್ಳುತ್ತೇನೆ. ಕೆಲಸ ಹೋಗುತ್ತದೆ, ಹೋಗಲಿ. ಆದರೆ ಆ ಪತ್ರ ಕೊಟ್ಟರೆ ಜೈಲಿಗೆ ಹೋಗುವವನು ಮ್ಯಾನೇಜರಲ್ಲ, ಪಂಪು ಹಾಕಿದವನು. ಕೊಡದಿದ್ದರೆ ದರ್ಜಿಯ ಹೆಂಡತಿಗೆ ಒರತೆ ಎಂಬ ಉತ್ತರ ಸಿಗುತ್ತದೆ. ಇಷ್ಟು ದಿನ ಎರಡನ್ನೂ ತೂಗಿ ನೋಡುತ್ತಿದ್ದೇನೆ, ತೂಗುವ ಹಕ್ಕು ನನಗಿದೆಯೇ ಎಂದೂ ಕೇಳಿಕೊಳ್ಳುತ್ತಿದ್ದೇನೆ. ಪತ್ರ ನನ್ನ ಕೈಚೀಲದಲ್ಲೇ ಇದೆ. ಸುಡು ಎಂದರೆ ಸುಡುತ್ತೇನೆ. ನನಗೆ ಹೆದರಿಕೆಯಾಗುತ್ತಿದೆ, ನೀವು ಏನು ಹೇಳಿದರೂ.

ನಿಮ್ಮವಳು

ಏಪ್ರಿಲ್ 17

ತಂಗಿ,

ಶಿಶುವಿಹಾರ ಈಗ ಶಾಲೆಯ ಮೂಲೆಯ ಕೋಣೆಯಲ್ಲಿದೆ. ಲಾರಿ ಹೋದಾಗಲೆಲ್ಲ ಇಪ್ಪತ್ಮೂರು ಮಕ್ಕಳೂ ಆಟ ನಿಲ್ಲಿಸಿ ಗೋಡೆ ನೋಡುತ್ತಾರೆ. ಅಳುವುದಿಲ್ಲ, ಸುಮ್ಮನೆ ನೋಡುತ್ತಾರೆ. ಅತ್ತರೆ ಎಷ್ಟೋ ವಾಸಿ ಅನ್ನಿಸುತ್ತದೆ.

ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡಲಾರೆ. ನನ್ನ ಮನಸ್ಸು ಸುಡು ಅನ್ನುತ್ತದೆ. ಅದಕ್ಕೇ ನಿನ್ನ ಪತ್ರವನ್ನು ಅವರ ಕೈಗೇ ಕೊಟ್ಟೆ. ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಇವತ್ತು ಸಂಜೆ ಕೆಲಸದಿಂದ ಬಂದವರೇ ಪೆನ್ನು ಕೇಳಿದರು. ಕೆಳಗಿನದು ಅವರು ಬರೆದದ್ದು. ನಾನು ಓದಿದ್ದೇನೆ. ಈಗ ನನಗಿರುವ ಹೆದರಿಕೆ ಅವರು ಜೈಲಿಗೆ ಹೋಗುತ್ತಾರೆ ಎಂದಲ್ಲ.

ತಂಗಿ, ಪತ್ರ ಕೊಡು. ನನ್ನ ಹೆಸರು ಹೊಡೆದುಹಾಕಬೇಡ. ಇಪ್ಪತ್ತೈದರವರೆಗೂ ಕಾಯಬೇಡ. ತೊಳೆದ ನೀರನ್ನು ಈಗ ಗಣಿಯ ಎರಡನೇ ಹುಡಿಗುಡ್ಡದ ಮೇಲೆ ಬಿಡಿಸುತ್ತಿದ್ದಾರೆ. ಇವತ್ತು ಬೆಳಿಗ್ಗೆಯೂ ಪಂಪು ಹಾಕಿದವನು ನಾನೇ. ನಾಳೆ ಹಾಕುವುದಿಲ್ಲ, ಆದರೆ ಹಾಕಲು ಇನ್ನೊಬ್ಬನನ್ನು ಇಟ್ಟುಕೊಂಡಾಗಿದೆ. ಕೆಳಗೆ ನಲವತ್ತು ಮನೆಗಳಿವೆ. ಬರುವಾಗ ಬುಡವೆಲ್ಲ ಸುತ್ತಿ ನೋಡಿದೆ. ಅಲ್ಲಿ ಇನ್ನೂ ಒಂದು ಎಲೆಯೂ ಹುಟ್ಟಿಲ್ಲ. ಆ ಮನೆಯವರಿಗೆ ತೋರಿಸಲು ಏನೂ ಇಲ್ಲ.